ಗಾಡಿ ಮಾತು: ಚಿನ್ನದ ಪಟ್ಟಿಗೆ ಎಷ್ಟು ಬೆಲೆ?

ಹೋದ ಸಂಚಿಕೆಯಲ್ಲಿ ಹಳೇ ಎಂಜಿ ಕಾರುಗಳ ಬಗ್ಗೆ ಎರಡು ಸಾಲು ಬರೆದದ್ದೇ ತಪ್ಪಾಯಿತು ನೋಡಿ, ಈ ಸಲ ಬಂದ ಪತ್ರಗಳಲ್ಲಿ ಅರ್ಧ ಅದರದ್ದೇ. ಎಲ್ಲರ ಬಾಯಲ್ಲೂ ‘ಸ್ಪೆಷಲ್ ಎಡಿಷನ್’, ‘ಲಿಮಿಟೆಡ್ ಎಡಿಷನ್’. ಹಾಗಾಗಿ ಉಳಿದ ಗಾಡಿಗಳಿಗೆ ಈ ತಿಂಗಳು ರಜೆ.

ಪ್ರಶ್ನೆ: ಸರ್, 2024ರಲ್ಲಿ ಎಂಜಿಯ ನೂರು ವರ್ಷದ ಲಿಮಿಟೆಡ್ ಎಡಿಷನ್ ಕಾಮೆಟ್ ತಗೊಂಡೆ, ಹಸಿರು ಬಣ್ಣದ್ದು. ಮುಂದೆ ಇದಕ್ಕೆ ಭಾರಿ ರೇಟ್ ಬರುತ್ತೆ, ಮಾರಬೇಡ ಅಂತಾರೆ ನಮ್ಮ ಭಾವ. ನಿಜಾನಾ?
– ಓದುಗರು, ದಾವಣಗೆರೆ

ಉತ್ತರ: ಭಾವನ ಮಾತು ಕೇಳುವ ಮುಂಚೆ ಒಂದು ಹಳೇ ಕಥೆ ಕೇಳಿ. ನಿಮ್ಮ ಕಾರಿನ ಹಸಿರಿಗೆ ಕಂಪನಿ ‘ಎವರ್‌ಗ್ರೀನ್’ ಅಂತ ಹೆಸರಿಟ್ಟಿದೆ, ಆದರೆ ಅದರ ಮೂಲ ಬ್ರಿಟಿಷ್ ರೇಸಿಂಗ್ ಗ್ರೀನ್. ಇದೇ ಹಸಿರು ಬಳಿದು ಇದೇ ಥರದ ಹುಟ್ಟುಹಬ್ಬವನ್ನು 1975ರಲ್ಲೂ ಮಾಡಿದ್ದರು. ಆಗ ಎಂಜಿ ಇದ್ದದ್ದು ಬ್ರಿಟಿಷ್ ಲೇಲ್ಯಾಂಡ್ ಕೈಯಲ್ಲಿ, ಕಾರ್ಖಾನೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಎಂಬ ಸಣ್ಣ ಊರಲ್ಲಿ. ಕಾರು ಎಂಜಿಬಿ ಜಿಟಿ, ಅಂದರೆ ಎಂಜಿಬಿ ಅನ್ನುವ ತೆರೆದ ಸ್ಪೋರ್ಟ್ಸ್ ಕಾರಿನಲ್ಲೇ ಮೇಲೆ ಗಟ್ಟಿ ಛಾವಣಿ ಇರುವುದು. ಹಸಿರು ಬಾಡಿ, ಪಕ್ಕದಲ್ಲಿ ಉದ್ದಕ್ಕೂ ಚಿನ್ನದ ಬಣ್ಣದ ಪಟ್ಟಿ, ಎಂಟು ಸಿಲಿಂಡರಿನ ವಿ8 ಮಾಡೆಲಿನ ಚಕ್ರ ತಂದು ಅದಕ್ಕೂ ಚಿನ್ನ ಮತ್ತು ಕಪ್ಪು ಬಣ್ಣ, ಡ್ಯಾಶ್‌ಬೋರ್ಡ್ ಮೇಲೆ ನಂಬರ್ ಕೊರೆದ ಪುಟ್ಟ ತಗಡು. 750 ಕಾರು ಮಾತ್ರ ಅಂದರು. ಬಾನೆಟ್ ಎತ್ತಿ ನೋಡಿದರೆ? ಪಕ್ಕದ ಮನೆಯವರ ಮಾಮೂಲಿ ಎಂಜಿಬಿಯಲ್ಲಿದ್ದ ಅದೇ 1798 ಸಿಸಿ ಇಂಜಿನ್.

ಕಂಪನಿಗೂ ಬೇರೆ ದಾರಿ ಇರಲಿಲ್ಲ ಬಿಡಿ. ಎಂಜಿಬಿ ಬಂದದ್ದು 1962ರಲ್ಲಿ, ಅಷ್ಟೊತ್ತಿಗೆ ಹದಿಮೂರು ವರ್ಷ ಹಳೇದು. ಜಾಸ್ತಿ ಕಾರು ಹೋಗುತ್ತಿದ್ದದ್ದು ಅಮೆರಿಕಕ್ಕೆ. ಅಲ್ಲಿನ ಹೊಸ ಕಾನೂನಿಗೆ ಹೊಂದಬೇಕು ಅಂತ 1974ರ ಕೊನೆಗೆ ಹೊಳೆಯುವ ಕ್ರೋಮ್ ಬಂಪರ್ ಕಿತ್ತು, ದಪ್ಪ ಕಪ್ಪು ರಬ್ಬರ್ ಬಂಪರ್ ಹಾಕಿದರು, ಗಾಡಿಯನ್ನೂ ಒಂದೂವರೆ ಇಂಚು ಎತ್ತರಿಸಿದರು. ತಿರುವಿನಲ್ಲಿ ವಾಲತೊಡಗಿತು, ನೋಡುವವರಿಗೂ ಬೇಜಾರು. ಹೊಸ ಕಾರು ಮಾಡಲು ದುಡ್ಡಿಲ್ಲ. ಇನ್ನೇನು ಮಾಡುತ್ತಾರೆ, ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆದ ಹಾಗೆ ಬಣ್ಣ ಬಳಿದರು.

ಅರ್ಧ ಶತಮಾನ ಆದ ಮೇಲೆ ಇವತ್ತು ಏನಾಗಿದೆ ಗೊತ್ತಾ? ಎಂಜಿಬಿ ಪ್ರಿಯರು ಹೆಚ್ಚಾಗಿ ಹುಡುಕುವುದು ಈ ಚಿನ್ನದ ಪಟ್ಟಿಯದ್ದನ್ನಲ್ಲ, ಯಾವ ನಂಬರೂ ಇಲ್ಲದ, ಅದಕ್ಕಿಂತ ಹಳೆಯ ಕ್ರೋಮ್ ಬಂಪರ್ ಗಾಡಿಯನ್ನು. ಎಷ್ಟು ಕಮ್ಮಿ ಕಾರು ಮಾಡಿದ್ದಾರೆ ಅನ್ನುವುದಕ್ಕಿಂತ ಓಡಿಸಲು ಎಷ್ಟು ಚೆನ್ನಾಗಿದೆ ಅಂತಲೇ ಜನ ನೋಡುತ್ತಾರೆ. ನಿಮ್ಮದು ಬೇರೆ ಬ್ಯಾಟರಿ ಗಾಡಿ, ಐವತ್ತು ವರ್ಷದಲ್ಲಿ ಬ್ಯಾಟರಿ ಎಷ್ಟು ಸಲ ಬದಲಾಗಿರುತ್ತೋ. ಹಸಿರು ಇಷ್ಟ ಆದರೆ ಇಟ್ಟುಕೊಳ್ಳಿ, ಸಂತೋಷವಾಗಿ ಓಡಿಸಿ. ಎಫ್‌ಡಿ ಅಂದುಕೊಂಡು ಮಾತ್ರ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಎಂಜಿಗೆ 1975ಕ್ಕೆ ಐವತ್ತು ತುಂಬಿತು ಅಂತ ಹಳೇ ಇಂಗ್ಲಿಷ್ ಪತ್ರಿಕೆಯ ಜಾಹೀರಾತಿನಲ್ಲಿ ಓದಿದ ನೆನಪು. ಹಾಗಾದರೆ ನೂರು ತುಂಬಬೇಕಾದದ್ದು 2025ಕ್ಕೆ ಅಲ್ವಾ? 2024ಕ್ಕೆ ಹೇಗೆ ಆಚರಿಸಿದರು?
– ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನದ್ದು. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ 1925ರ ಈಸ್ಟರ್‌ನಲ್ಲಿ ಒಂದು ವಿಶೇಷ ಕಾರು ಕಟ್ಟಿಕೊಂಡು ಲ್ಯಾಂಡ್ಸ್ ಎಂಡ್ ಟ್ರಯಲ್ ಎಂಬ ಸ್ಪರ್ಧೆಗೆ ಹೋಗಿ ಚಿನ್ನದ ಪದಕ ತಂದರು. ಆ ಕಾರಿಗೆ ಆಮೇಲೆ ‘ಓಲ್ಡ್ ನಂಬರ್ ಒನ್’ ಅಂತ ಹೆಸರಾಯಿತು, 1975ರವರು ಅದನ್ನೇ ಹುಟ್ಟು ಅಂತ ಲೆಕ್ಕ ಹಾಕಿದರು. ಆದರೆ ಎಂಜಿ ಹೆಸರಿನ ಕಾರುಗಳ ಜಾಹೀರಾತು 1924ರಲ್ಲೇ ಬಂದಿತ್ತು, ಈಗಿನ ಮಾಲೀಕರು ಅದನ್ನು ಹಿಡಿದರು. ಹಬ್ಬ ಬೇಕಾದಾಗ ಪಂಚಾಂಗವೂ ಸಿಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕಂಪನಿ ಆಬಿಂಗ್ಡನ್‌ಗೆ ಬಂದದ್ದು 1929ರಲ್ಲಿ, ಹಾಗಾಗಿ 1979ರಲ್ಲಿ ಮತ್ತೊಂದು ಐವತ್ತು! ಊರೆಲ್ಲ ಸೇರಿ ಸೆಪ್ಟೆಂಬರ್‌ನಲ್ಲಿ ಮೆರವಣಿಗೆ, ಸಂಭ್ರಮ ಎಲ್ಲ ಮಾಡಿದರು. ಹಬ್ಬ ಮುಗಿದ ಬೆನ್ನಿಗೆ, ಸೆಪ್ಟೆಂಬರ್ 10ರ ಸೋಮವಾರ, ಆಬಿಂಗ್ಡನ್‌ನಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಬ್ರಿಟಿಷ್ ಲೇಲ್ಯಾಂಡ್ ಹೇಳಿತು. ಪೌಂಡ್ ಬೆಲೆ ಏರಿ, ಅಮೆರಿಕಕ್ಕೆ ಕಳಿಸಿದ ಒಂದೊಂದು ಕಾರಿನಲ್ಲೂ ನಷ್ಟ ಆಗುತ್ತಿದೆ ಅನ್ನುವುದು ಅವರ ವಾದ. ಹಿಂದಿನ ದಿನ ಬೀದಿಯಲ್ಲಿ ಕುಣಿದವರಿಗೆ ಆ ಸೋಮವಾರ ಹೇಗಿತ್ತೋ, ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಮೆರಿಕಕ್ಕೆ ಅಂತ ಆಗ ಮಾಡುತ್ತಿದ್ದ ಲಿಮಿಟೆಡ್ ಎಡಿಷನ್ನಿನ ಬಣ್ಣವೂ ಕಪ್ಪು, ಅದರ ಮೇಲೆ ಬೆಳ್ಳಿ ಪಟ್ಟಿ. ಒಟ್ಟು 6,668 ಕಾರು! ಲಿಮಿಟೆಡ್ ಅನ್ನುವ ಪದಕ್ಕೆ ಇಷ್ಟು ಹೊಟ್ಟೆ ಇದೆ ಅಂತ ನನಗೂ ಗೊತ್ತಿರಲಿಲ್ಲ.

ನನ್ನ ಮಟ್ಟಿಗೆ ನಿಜವಾದ ಲಿಮಿಟೆಡ್ ಅಂದರೆ ಕೊನೆಯ ಒಂದು ಸಾವಿರ. 1980ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕುವ ಮುಂಚೆ ಕಟ್ಟಿದವು: ತೆರೆದ ಕಾರು ಸುಮಾರು 420, ಕಂಚಿನ ಬಣ್ಣ, ಜಿಟಿ ಸುಮಾರು 580, ಸೀಸದಂಥ ಬೂದು ಬಣ್ಣ. ಅಂಗಡಿಗೆ ಬಂದದ್ದು 1981ರ ಜನವರಿಯಲ್ಲಿ, ಕಾರ್ಖಾನೆಗೆ ಆಗಲೇ ಬೀಗ ಬಿದ್ದಿತ್ತು. ಇನ್ನೊಂದು ಬೇಕು ಅಂದರೂ ಮಾಡುವವರು ಇರಲಿಲ್ಲ.

ಪ್ರಶ್ನೆ: ಇಲ್ಲಿ ಒಬ್ಬರು 1975ರ ಜುಬಿಲಿ ಎಂಜಿಬಿ ಮಾರುತ್ತಿದ್ದಾರೆ. ಚಿನ್ನದ ಪಟ್ಟಿ ಇದೆ, ನಂಬರಿನ ತಗಡೂ ಇದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಅಸಲಿ ಅಂತ ತಿಳಿಯುವುದು ಹೇಗೆ?
– ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಮೊದಲು ಮನೆಯಲ್ಲಿ ಹೇಳಿ. ಆಮೇಲೆ, ಪಟ್ಟಿ ಮತ್ತು ತಗಡು ಎರಡನ್ನೂ ಮರೆತುಬಿಡಿ, ಪಟ್ಟಿ ಅಂಟಿಸಲು ಅರ್ಧ ದಿನ ಸಾಕು. ನಿಮಗೆ ಬೇಕಾದದ್ದು ಹೆರಿಟೇಜ್ ಸರ್ಟಿಫಿಕೇಟ್. ವಾರಿಕ್‌ಷೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಹಳೇ ಕಾರ್ಖಾನೆಯ ದಾಖಲೆ ನೋಡಿ, ಆ ಗಾಡಿ ಯಾವತ್ತು ತಯಾರಾಯಿತು, ಯಾವ ಬಣ್ಣದಲ್ಲಿ ಹೊರಬಂತು ಅಂತ ಬರೆದುಕೊಡುತ್ತಾರೆ. ಅದರಲ್ಲಿನ ಚಾಸಿ ನಂಬರ್ ಮತ್ತು ಗಾಡಿ ಮೇಲಿನದ್ದು ತಾಳೆ ಆಗಬೇಕು. ಹೋದಾಗ ಅಲ್ಲೇ ಇಟ್ಟಿರುವ ಓಲ್ಡ್ ನಂಬರ್ ಒನ್ ಕೂಡ ನೋಡಿಕೊಂಡು ಬನ್ನಿ.

ಪೇಪರ್ ಸರಿ ಇದ್ದರೂ ಸಾಲದು. ಎಂಜಿಬಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಅನ್ನುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಅಲ್ಲಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಮೇಲೆ ನೋಡಿದರೆ ಫಳಫಳ. ಒಂದು ಆಯಸ್ಕಾಂತ ತಗೊಂಡು ಹೋಗಿ; ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಹಿಂಭಾಗವನ್ನು ಜ್ಯಾಕ್ ಹಾಕಿ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ, ಬಿಗಿ ಹಿಡಿದರೆ ಬಾಡಿಯ ಬೆನ್ನು ಸೋತಿದೆ, ನಮಸ್ಕಾರ ಹೇಳಿ ಬನ್ನಿ. ಇದು ಪುಸ್ತಕದ ಮಾತಲ್ಲ. ನಾನೂ ಒಮ್ಮೆ ಬಣ್ಣಕ್ಕೆ ಮರುಳಾಗಿ ಹಳೇ ಕಾರೊಂದನ್ನು ಕೊಂಡು, ಮೊದಲ ಮಳೆಗಾಲದಲ್ಲೇ ಕಾಲಡಿಯ ತೂತಿನಿಂದ ರಸ್ತೆ ನೋಡಿದವನು. ಟಿಂಕರಿಂಗ್‌ಗೆ ಕೊಟ್ಟ ದುಡ್ಡು ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆಯಿತು.

ಪ್ರಶ್ನೆ: ಎಂಜಿ ಆರ್‌ವಿ8 ಅನ್ನುವ ಕಾರು ಇಂಗ್ಲೆಂಡಿಗಿಂತ ಜಪಾನಿನಲ್ಲೇ ಜಾಸ್ತಿ ಮಾರಾಟ ಆಯಿತಂತೆ, ಹೌದಾ?
– ಓದುಗರು, ಮಂಗಳೂರು

ಉತ್ತರ: ಹೌದು. ಎಂಜಿಬಿಯ ಹೊಸ ಬಾಡಿಗಳನ್ನು 1988ರಿಂದ ಮತ್ತೆ ಒತ್ತಿ ಮಾಡಲು ಶುರು ಮಾಡಿದ್ದರು. ಅದನ್ನೇ ತಿದ್ದಿ, 3.9 ಲೀಟರಿನ ರೋವರ್ ವಿ8 ಇಂಜಿನ್ ಕೂರಿಸಿ 1992ರಲ್ಲಿ ತೋರಿಸಿದ ಗಾಡಿ ಇದು. ಹಿಂದಿನ ಚಕ್ರಗಳಿಗೆ ಮಾತ್ರ ಅದೇ ಹಳೇ ಪಟ್ಟಿ ಸ್ಪ್ರಿಂಗ್. ಮಾಡಿದ್ದು ಸುಮಾರು 2,000, ಅದರಲ್ಲಿ ಮುಕ್ಕಾಲು ಪಾಲು ಜಪಾನಿಗೆ. ಅಲ್ಲೂ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಹಳೇ ಬ್ರಿಟಿಷ್ ಕಾರು ಅಂದರೆ ಪ್ರಾಣ. ಆಮೇಲೆ ಅವುಗಳಲ್ಲಿ ತುಂಬಾ ಕಾರು ಸೆಕೆಂಡ್ ಹ್ಯಾಂಡ್ ಆಗಿ ಇಂಗ್ಲೆಂಡಿಗೇ ವಾಪಸ್ ಬಂದವು. ಹಾಗೆ ಬಂದವಕ್ಕೆ ಏಸಿ ಇರುತ್ತದೆ. ಅಲ್ಲಿ ಅದನ್ನು ಯಾವಾಗ ಹಾಕುತ್ತಾರೆ ಅಂತ ರೆಡಿಂಗ್‌ನವರೇ ಹೇಳಬೇಕು.