ದೊಡ್ಡ ಬ್ಯಾಟರಿಯೋ, ಬೇಗ ಚಾರ್ಜ್ ಆಗುವ ಕಾರೋ?

ಪ್ರಶ್ನೆ: ನಮ್ಮದು ದಾವಣಗೆರೆ. ದಿನಾ ಸುಮಾರು 40 ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಬೇಕು. ಕಾರ್ ಮನೆಯಲ್ಲೇ ನಿಲ್ಲುತ್ತದೆ. ಟಾಟಾದ ಎಲೆಕ್ಟ್ರಿಕ್ ಕಾರ್ ನೆಕ್ಸಾನ್ ಇವಿ 30 ಯೂನಿಟ್ ಬ್ಯಾಟರಿಯದ್ದು ಕಡಿಮೆ ಬೆಲೆಗೆ ಸಿಗುತ್ತದೆ, 45 ಯೂನಿಟ್‌ನದ್ದಕ್ಕೆ ಜಾಸ್ತಿ ದುಡ್ಡು. ಚಿಕ್ಕ ಬ್ಯಾಟರಿ ಬೇಗ ತುಂಬುತ್ತದೆ, ಅದೇ ಸಾಕು ಅಂತ ಸ್ನೇಹಿತರು ಹೇಳುತ್ತಾರೆ. ಹೌದಾ?

ಉತ್ತರ: ಕೇಳೋಕೆ ಸರಿ ಅನಿಸುತ್ತದೆ, ಆದರೆ ಈ ಎರಡು ಕಾರುಗಳ ವಿಷಯದಲ್ಲಿ ಉಲ್ಟಾ. ಕಂಪನಿಯ ಲೆಕ್ಕದಲ್ಲೇ 30ರದ್ದು ಫಾಸ್ಟ್ ಚಾರ್ಜರ್‌ನಲ್ಲಿ ಶೇ 10ರಿಂದ 80 ಆಗಲು 56 ನಿಮಿಷ ತೆಗೆದುಕೊಳ್ಳುತ್ತದೆ. 45ರದ್ದಕ್ಕೆ 60 ಕಿಲೋವ್ಯಾಟ್ ಚಾರ್ಜರ್‌ನಲ್ಲಿ (ಅಂದರೆ ಗಂಟೆಗೆ 60 ಯೂನಿಟ್ ಕೊಡಬಲ್ಲದ್ದು) 40 ನಿಮಿಷ ಸಾಕು. ಹೈವೇಯಲ್ಲಿ ಒಂದು ಯೂನಿಟ್‌ಗೆ ಆರೂವರೆ ಕಿ.ಮೀ. ಅಂತ ಹಿಡಿಯೋಣ. ಆಗ ಚಿಕ್ಕದರಲ್ಲಿ ನಿಮಿಷಕ್ಕೆ ಎರಡೂವರೆ ಕಿ.ಮೀ.ಗೂ ಸ್ವಲ್ಪ ಕಡಿಮೆ ಸಿಗುತ್ತದೆ, ದೊಡ್ಡದರಲ್ಲಿ ಐದು. ನೀವು ನೋಡಬೇಕಾದ್ದು ಈ ಲೆಕ್ಕವನ್ನೇ.

ಬ್ಯಾಟರಿ ದೊಡ್ಡದಾದಷ್ಟೂ ಬರುವ ಕರೆಂಟ್ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಬ್ಯಾಟರಿಯೊಳಗೆ ಜೋಡಿಸಿರುವ ಪುಟ್ಟ ಪುಟ್ಟ ಸೆಲ್‌ಗಳಲ್ಲಿ ಪ್ರತಿಯೊಂದರ ಮೇಲೆ ಬೀಳುವ ಒತ್ತಡ ಕಡಿಮೆ. ಹಾಗಾಗಿ ಒಟ್ಟಾರೆ ಜಾಸ್ತಿ ಕಿಲೋವ್ಯಾಟ್ ಎಳೆದುಕೊಳ್ಳಬಲ್ಲದು.

ಸಾಮರ್ಥ್ಯಕ್ಕೂ ವೇಗಕ್ಕೂ ನಿಜವಾದ ಎಳೆದಾಟ ಇರುವುದು ಸೆಲ್‌ನ ಒಳಗೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು (ವಿದ್ಯುದಂಶ ಇರುವ ಲಿಥಿಯಂ ಕಣಗಳು) ಗ್ರಾಫೈಟ್ ಎಂಬ ಇಂಗಾಲದ ಪದರದೊಳಗೆ ಹೋಗಿ ಸೇರಬೇಕು. ಪದರ ದಪ್ಪಗಿದ್ದರೆ ಅಷ್ಟೇ ತೂಕದ ಸೆಲ್ ಹೆಚ್ಚು ಶಕ್ತಿ ಹಿಡಿಯುತ್ತದೆ, ಆದರೆ ಅಯಾನು ಆಳಕ್ಕೆ ಇಳಿಯಲು ಹೊತ್ತು ಬೇಕು. ಆತುರ ಮಾಡಿದರೆ ಲಿಥಿಯಂ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದರಲ್ಲಿ ಬಹಳಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬ್ಯಾಟರಿ ಅಷ್ಟರ ಮಟ್ಟಿಗೆ ಸವೆದಂತೆ. ಪದರ ತೆಳ್ಳಗೆ ಮಾಡಿದರೆ ಬೇಗ ತುಂಬುತ್ತದೆ, ಆದರೆ ಶಕ್ತಿ ಕಡಿಮೆ, ಖರ್ಚು ಜಾಸ್ತಿ. ಶೇ 80 ದಾಟಿದ ಮೇಲೆ ಚಾರ್ಜರ್ ಪರದೆಯ ಮೇಲಿನ ಕಿಲೋವ್ಯಾಟ್ ಇಳಿಯುತ್ತಾ ಹೋಗುವುದನ್ನು ನೋಡಿರಬಹುದು. ಸೆಲ್ ಹಾಳಾಗದಿರಲಿ ಅಂತ ಕಾರೇ ಚಾರ್ಜಿಂಗ್ ವೇಗ ತಗ್ಗಿಸುತ್ತದೆ. ಅಲ್ಲಿಂದ ಮುಂದೆ ಸುಮ್ನೆ ಕಾಯುತ್ತಾ ಕೂರಬೇಡಿ, ಹೊರಡಿ.

ಈಗ ನಿಮ್ಮ ದಾರಿಗೆ ಬರೋಣ. ದಿನದ 40 ಕಿ.ಮೀ.ಗೆ ಬೇಕಾಗುವುದು ಆರೇಳು ಯೂನಿಟ್. ಮನೆಯ 15 ಆಂಪ್ ಪ್ಲಗ್‌ನಲ್ಲಿ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಇದಕ್ಕೆ ಯಾವ ಬ್ಯಾಟರಿಯಾದರೂ ಒಂದೇ. ಬೆಂಗಳೂರು ಮಾತ್ರ ಸುಮಾರು 265 ಕಿ.ಮೀ. ಪೂರ್ತಿ ತುಂಬಿಸಿ ಹೊರಟು ಶೇ 10 ಉಳಿಸಿಕೊಂಡರೆ, 30ರದ್ದು ಸುಮಾರು 175 ಕಿ.ಮೀ. ಓಡುತ್ತದೆ. ಹಿರಿಯೂರಲ್ಲೋ ಶಿರಾದಲ್ಲೋ ನಿಲ್ಲಲೇಬೇಕು, ಹತ್ತಿರ ಹತ್ತಿರ ಮುಕ್ಕಾಲು ಗಂಟೆ. 45ರದ್ದು ಹೆಚ್ಚುಕಡಿಮೆ ಊರು ಮುಟ್ಟಿಸುತ್ತದೆ. ಎಸಿ, ಎದುರುಗಾಳಿ, ಸ್ಪೀಡು ಅಂತ ನೋಡಿದರೆ ತುಮಕೂರಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಹಾಕಿಕೊಳ್ಳುವುದು ಒಳ್ಳೆಯದು.

ಅಲ್ಲಿ ಸಿಗುವ ಚಾರ್ಜರ್ ಎಂಥದ್ದು ಅನ್ನೋದೂ ಮುಖ್ಯ. 60 ಕಿಲೋವ್ಯಾಟ್ ಅಂತ ಬರೆದಿರುವ ಎರಡು ಗನ್ನಿನ (ಕಾರಿಗೆ ಸಿಕ್ಕಿಸುವ ಪ್ಲಗ್‌ನ) ಚಾರ್ಜರ್‌ಗಳಲ್ಲಿ ಪಕ್ಕದಲ್ಲಿ ಇನ್ನೊಂದು ಕಾರ್ ಬಂದರೆ ಎಷ್ಟೋ ಕಡೆ ಇಬ್ಬರಿಗೂ 30 ಮಾತ್ರ. ಮಹೀಂದ್ರಾದ ಎಲೆಕ್ಟ್ರಿಕ್ ಕಾರ್ ಬಿಇ 6ರ 79 ಯೂನಿಟ್ ಮಾದರಿ ಶೇ 20ರಿಂದ 80ಕ್ಕೆ 20 ನಿಮಿಷ ಅನ್ನುವುದು ನಿಜ, ಆದರೆ ಅದಕ್ಕೆ 175 ಕಿಲೋವ್ಯಾಟ್ ಕೊಡುವ ಚಾರ್ಜರ್ ಬೇಕು. 60 ಕಿಲೋವ್ಯಾಟ್ ಚಾರ್ಜರ್‌ಗೆ ಹಾಕಿದರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ ದಾಟುತ್ತದೆ. ದಾರಿಯಲ್ಲಿ ಇಲ್ಲದ ವೇಗಕ್ಕೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಚಾರ್ಜಿಂಗ್ ಇಲ್ಲದ ಅಪಾರ್ಟ್‌ಮೆಂಟಿನವರಾಗಿದ್ದರೆ ವೇಗಕ್ಕೇ ಮೊದಲ ಜಾಗ ಕೊಡಿ ಅನ್ನುತ್ತಿದ್ದೆ. ನಿಮಗೆ ಆ ತೊಂದರೆ ಇಲ್ಲ. ಬಜೆಟ್ ಒಪ್ಪಿದರೆ 45ರದ್ದನ್ನೇ ತೆಗೆದುಕೊಳ್ಳಿ. ಬೆಂಗಳೂರು ಪ್ರಯಾಣ ವರ್ಷಕ್ಕೆ ಎರಡೋ ಮೂರೋ ಸಲಕ್ಕೆ ಇಳಿಯುವುದಾದರೆ 30ರದ್ದೇ ಸಾಕು, ಉಳಿದ ದುಡ್ಡು ನಿಮ್ಮ ಹತ್ತಿರವೇ ಇರಲಿ.