ಹಡ್ಲು ಗದ್ದೆಯ ಬಿಳಿ ತೆನೆ ಯಾವ ಆರ್ಕಿಡ್?

ಮೂಡಿಗೆರೆ ಕಡೆ ಹಡ್ಲು (ಬೆಳೆ ಇಡದೆ ಪಾಳು) ಬಿಟ್ಟ ಗದ್ದೆಯಲ್ಲಿ, ಜನವರಿ ತಿಂಗಳಲ್ಲಿ, ಗೇಣುದ್ದದ ಗಿಡ. ತುದಿಯಲ್ಲಿ ಒತ್ತೊತ್ತಾಗಿ ಬಿಳಿ ಹೂ, ನಡುವೆ ಹಳದಿ. ಇದು ಆರ್ಕಿಡ್ಡೇ, ಕಿತ್ತು ತಂದು ಕುಂಡದಲ್ಲಿ ಬೆಳೆಸಬಹುದೇ ಎಂದು ಕೇಳಿದ್ದೀರಿ. ತಿಂಗಳು, ಜಾಗ, ಬಣ್ಣ ಮೂರೂ ಝ್ಯೂಕ್ಸೈನ್ ಸ್ಟ್ರಾಟ್ಯೂಮ್ಯಾಟಿಕಾ ಎಂಬ ನೆಲದ ಆರ್ಕಿಡ್‌ಗೆ ಹೊಂದುತ್ತವೆ. ಲಿನೇಯಸ್ 1753ರಲ್ಲೇ ವಿವರಿಸಿದ ಗಿಡ ಇದು. ಆದರೂ ಹೆಸರು ಗಟ್ಟಿ ಮಾಡುವ ಮೊದಲು ಇನ್ನೊಮ್ಮೆ ಗದ್ದೆಗಿಳಿದು ನೋಡಿ.

ಎಲೆಯಿಂದ ಶುರು ಮಾಡಿ. ಝ್ಯೂಕ್ಸೈನ್ ಎಲೆ ಹುಲ್ಲಿನ ಗರಿಯಂತೆ ಸಪೂರ. ತೊಟ್ಟಿಲ್ಲ, ಬುಡವೇ ದಂಟನ್ನು ಸುತ್ತಿಕೊಂಡಿರುತ್ತದೆ. ಬಿಸಿಲಿನಲ್ಲಿ ಬೆಳೆದ ಗಿಡಕ್ಕೆ ಕಂದು-ನೇರಳೆ ಛಾಯೆ ಬರುತ್ತದೆ, ಒಣಹುಲ್ಲಿನ ನಡುವೆ ಅದು ಕಣ್ತಪ್ಪುವುದು ಅದಕ್ಕೇ. ಹೂ ಅರ್ಧ ಸೆಂ.ಮೀ. ಆಸುಪಾಸು, ಪೂರ್ತಿ ಅರಳುವುದೂ ಇಲ್ಲ. 10 ಪಟ್ಟಿನ ಮಸೂರ ಹಿಡಿದರೆ ಮೇಲಿನ ಎಸಳುಗಳು ಕೂಡಿ ಬಿಳಿ ಟೊಪ್ಪಿಗೆಯಾಗಿರುವುದೂ, ಅದರಡಿಯಿಂದ ದಪ್ಪನೆಯ ಹಳದಿ ತುಟಿ (ಉಳಿದವಕ್ಕಿಂತ ಬೇರೆ ಆಕಾರದ ಕೆಳಗಿನ ಎಸಳು) ಇಣುಕುವುದೂ ಕಾಣುತ್ತದೆ.

ಹೆಚ್ಚಿನವರು ಎಡವುವುದು ಹೂವಿನ ಮುಖ ಮಾತ್ರ ನೋಡಿ. ಹಿಂಭಾಗ ನೋಡಲೇಬೇಕು. ಝ್ಯೂಕ್ಸೈನ್‌ಗೆ ಕೊಂಬಿಲ್ಲ (ಕೊಂಬು ಎಂದರೆ ಹೂವಿನ ಹಿಂದೆ ಚಾಚುವ ಟೊಳ್ಳು ನಳಿಕೆ), ತುಟಿಯ ಬುಡ ಸಣ್ಣ ಚೀಲದಂತೆ ಉಬ್ಬಿರುತ್ತದೆ ಅಷ್ಟೆ. ಉದ್ದನೆಯ ಕೊಂಬು ನೇತಾಡುತ್ತಿದ್ದರೆ ಅದು ಹಬೆನೇರಿಯಾ ಎಂಬ ಇನ್ನೊಂದು ನೆಲದ ಆರ್ಕಿಡ್ ಗುಂಪಿನದು. ಅವು ಮಳೆಗಾಲದಲ್ಲಿ ಹೂ ಬಿಟ್ಟು, ಚಳಿಗಾಲಕ್ಕೆ ಗೆಡ್ಡೆಯಷ್ಟೇ ಉಳಿದು ಮಲಗುತ್ತವೆ. ಎರಡು ಕೊಂಬು, ಗುಲಾಬಿ ಹೂ, ಬಾಬಾಬುಡನ್‌ಗಿರಿಯಂಥ ಎತ್ತರದ ಹುಲ್ಲುಗಾವಲು ಎಂದರೆ ಸಟೈರಿಯಂ. ಹೂಗಳು ಸುರುಳಿ ಮೆಟ್ಟಿಲಿನಂತೆ ದಂಟನ್ನು ಸುತ್ತಿ ಹೋಗಿ, ತುಟಿಯ ಅಂಚು ನೆರಿಗೆಯಾಗಿ, ಎಲೆಗಳು ಬುಡದಲ್ಲೇ ಗುಂಪಾಗಿದ್ದರೆ ಸ್ಪೈರಾಂಥಿಸ್. ಇದಕ್ಕೂ ಕೊಂಬಿಲ್ಲ, ಹಾಗಾಗಿ ಎಲೆ ಎಲ್ಲಿದೆ ಎಂಬುದೇ ಗುರುತು.

ಕೊಂಬಿದ್ದ ಮಾತ್ರಕ್ಕೆ ಆರ್ಕಿಡ್ ಎಂದುಕೊಳ್ಳಬೇಡಿ. ಗದ್ದೆಯ ಜೌಗಿನಲ್ಲಿ ಬೆಳೆಯುವ ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಗಿಡಕ್ಕೂ ಕೊಂಬಿದೆ. ಬಾಡಿದ ಹೂವೊಂದನ್ನು ನೋಡಿ: ಆರ್ಕಿಡ್‌ನಲ್ಲಿ ಕಾಯಿ ಹೂವಿನ ಕೆಳಗೆ ಊದುತ್ತದೆ, ಒಣಗಿದ ಹೂ ಕಾಯಿಯ ನೆತ್ತಿಗೆ ಅಂಟಿಕೊಂಡಿರುತ್ತದೆ. ಯುಟ್ರಿಕ್ಯುಲೇರಿಯಾದಲ್ಲಿ ಎರಡು ಹಸಿರು ಹಾಳೆಗಳ ನಡುವೆ ಕಾಯಿ ಕೂತಿರುತ್ತದೆ.

ಫೋಟೋ ತೆಗೆಯುವಾಗ ಕೊಡೆ ಅಡ್ಡ ಹಿಡಿದು ನೆರಳು ಮಾಡಿ. ಬಿಸಿಲಿಗೆ ಬಿಳಿ ಹೂ ಸುಟ್ಟಂತಾಗಿ ವಿವರ ಅಳಿಸುತ್ತದೆ. ಮೊಬೈಲ್ ಹಿಂದಿನ ಹುಲ್ಲಿಗೆ ಫೋಕಸ್ ಆಗುತ್ತಿದ್ದರೆ ಹೂವಿನ ಹಿಂದೆ ಅಂಗೈ ಇಡಿ. ಮುಂದಿನಿಂದ, ಪಕ್ಕದಿಂದ, ಬುಡದ ಎಲೆ ಸೇರಿ ಇಡೀ ಗಿಡ, ಹೀಗೆ ಮೂರು ಸಾಕು. ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇರಲಿ.

ಕುಂಡದ ವಿಚಾರ: ದಯವಿಟ್ಟು ಕೀಳಬೇಡಿ. ನೆಲದ ಆರ್ಕಿಡ್‌ಗಳು ಮಣ್ಣಿನ ಶಿಲೀಂಧ್ರದ ಜೊತೆ ಬದುಕುತ್ತವೆ, ಕುಂಡದಲ್ಲಿ ಆ ನಂಟು ತಪ್ಪುತ್ತದೆ. ಹೂ ಬಿಟ್ಟ ದಂಟು ಬೀಜ ಕಟ್ಟಿದ ಮೇಲೆ ಹೇಗೂ ಒಣಗುತ್ತದೆ. ಧೂಳಿನಂಥ ಬೀಜದಲ್ಲಿ ಆಹಾರದ ದಾಸ್ತಾನಿಲ್ಲ, ಮೊಳೆಯುವುದಕ್ಕೂ ಅದೇ ಶಿಲೀಂಧ್ರ ಬೇಕು. ಅವು ಅಲ್ಲೇ ಉದುರಲಿ. ಕಾಯಿ ಒಡೆಯುವ ತನಕ ಆ ಜಾಗ ಕೆತ್ತಿಸಬೇಡಿ, ಕಳೆನಾಶಕವನ್ನೂ ಹೊಡೆಸಬೇಡಿ.