ಸಿಕಲ್ ಸೆಲ್ ಇದೆ, ವಿಟಮಿನ್ ಡಿ 11 ಬಂದಿದೆ. ಮಾತ್ರೆ ನುಂಗಿದರೆ ನೋವು ನಿಲ್ಲುತ್ತಾ?

ಹಾಸನೂರಿನಿಂದ ಕೇಳಿದ್ದೀರಿ: ವಯಸ್ಸು 31, ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ), ದಿನವಿಡೀ ಹೊಲದಲ್ಲೇ ಕೆಲಸ, ಆದರೂ ವಿಟಮಿನ್ ಡಿ ಬರೀ 11. ವಾರಕ್ಕೊಂದು 60,000 ಯೂನಿಟ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇದರಿಂದ ನೋವು ನಿಲ್ಲುತ್ತಾ ಅಂತ.

ಒಂದು ಥರದ ನೋವು ಕಡಿಮೆಯಾಗಬಹುದು. ಇನ್ನೊಂದಕ್ಕೆ ಈ ಮಾತ್ರೆ ನಂಬಿ ಕೂರಬೇಡಿ. ನಾನು ತಾಳವಾಡಿಯವನು, ನನಗೂ ಇದೇ ಕಾಯಿಲೆ.

ಮೊದಲು ಬಿಸಿಲಿನ ಮಾತು. ನಮ್ಮದು ಬೆಟ್ಟದ ಮೇಲಿನ ಸೀಮೆ. ಕೋಸಿನ ಹೊಲಕ್ಕೆ ಹೋಗುವಾಗ ಸ್ವೆಟರ್, ತಲೆಗೆ ಟವೆಲ್, ತುಂಬುತೋಳಿನ ಅಂಗಿ. ಬಿಸಿಲು ಬೀಳೋದು ಮುಖಕ್ಕೆ, ಮುಂಗೈಗೆ ಅಷ್ಟೇ. ಎಳೆಬಿಸಿಲು ಒಳ್ಳೇದು ಅಂತಾರಲ್ಲ, ಅದರಲ್ಲಿ ಡಿ ಹುಟ್ಟಿಸುವ ಕಿರಣ ತೀರಾ ಕಡಿಮೆ. ಅದು ಚೆನ್ನಾಗಿ ಸಿಗೋದು ಸುಮಾರು 10ರಿಂದ 3 ಗಂಟೆಯೊಳಗೆ. ನಮ್ಮಂಥ ಕಪ್ಪು ಮೈಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಆದರೆ ಆ ಬಿಸಿಲಲ್ಲಿ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದರೆ ನಮಗೆ ನೋವು ಕೆರಳುತ್ತದೆ. ಅದಕ್ಕೇ ಸಿಕಲ್ ಸೆಲ್ ಇದ್ದವರು ಬಿಸಿಲಿಗಿಂತ ಮಾತ್ರೆಯನ್ನೇ ನೆಚ್ಚಿಕೊಳ್ಳೋದು ವಾಸಿ ಅಂತ ನನ್ನ ಅಭಿಪ್ರಾಯ.

ಕಾಯಿಲೆಯ ಪಾಲೂ ಇದೆ. ಬೇರೆಯವರ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತೆ, ನಮ್ಮದು 10–20 ದಿನಕ್ಕೇ ಒಡೆಯುತ್ತೆ. ಹೊಸದು ಮಾಡೋದರಲ್ಲೇ ಮೈಯ ಕಸುವು ಹೋಗುತ್ತದೆ, ಊಟವೂ ಸರಿಯಾಗಿ ಸೇರಲ್ಲ. ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರೋದು ಕಿಡ್ನಿ. ಈ ಕಾಯಿಲೆ ಕಿಡ್ನಿಯನ್ನೂ ಸುಮ್ನೆ ಬಿಡಲ್ಲ.

ಈಗ ನೋವು. ಕಳೆ ಕಿತ್ತು ಕುಕ್ಕರಗಾಲಿನಿಂದ ಏಳುವಾಗ ತೊಡೆಯಲ್ಲಿ ಬಲವೇ ಇಲ್ಲದೆ ಎರಡೂ ಮಂಡಿಗೆ ಕೈ ಊರಬೇಕಾಗುತ್ತಾ? ಸೊಂಟ, ಮೂಳೆ ದಿನಾ ಮಂದವಾಗಿ ನೋಯುತ್ತಾ? ಇದರಲ್ಲಿ ಡಿ ಕೊರತೆಯ ಕೈವಾಡ ಇರಬಹುದು, ನಿಧಾನಕ್ಕೆ ಇಳಿಯಬಹುದು. ಬಾಗಿದ ಕಣ ರಕ್ತನಾಳಕ್ಕೆ ಅಡ್ಡಗಟ್ಟಿ ಇದ್ದಕ್ಕಿದ್ದಂತೆ ಎದ್ದು ಕೂಗಿಸುವ ನೋವು, ಅಂದರೆ ಕ್ರೈಸಿಸ್, ಬೇರೆ. ಡಿ ಕೊಟ್ಟಾಗ ನೋವಿನ ದಿನಗಳು ಕಡಿಮೆಯಾದದ್ದು ಸಣ್ಣ ಅಧ್ಯಯನದಲ್ಲಿ ಕಂಡಿದೆ, ಆದರೆ ಅದು ಗಟ್ಟಿ ಪುರಾವೆಯಲ್ಲ. ಹಾಗಾಗಿ ಕ್ರೈಸಿಸ್ ತಗ್ಗಿಸುವ ಹೈಡ್ರಾಕ್ಸಿಯೂರಿಯಾ, ಹೊಸ ರಕ್ತಕಣಕ್ಕೆ ಬೇಕಾದ ಫೋಲಿಕ್ ಆಸಿಡ್ ತಗೊಳ್ತಿದ್ದರೆ ಬಿಡಬೇಡಿ. ತೊಡೆಸಂದಿನಲ್ಲಿ ನೋವು ಬಂದು ಕುಂಟುವ ಹಾಗಾದರೆ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗದೆ ಆ ಮೂಳೆ ಸಾಯುತ್ತಿರಬಹುದು, ಅದನ್ನು ಡಿ ಸರಿಮಾಡಲ್ಲ. ಸ್ಕ್ಯಾನ್ ಬೇಕಾ ಅಂತ ಡಾಕ್ಟರ್‌ನ ಕೇಳಿ. ಜ್ವರ 101 ದಾಟಿದರೆ, ಎದೆನೋವು ಅಥವಾ ಉಸಿರಾಟಕ್ಕೆ ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕಾದರೂ ಸರಿ, ಈ ಕಡೆ ಚಾಮರಾಜನಗರಕ್ಕಾದರೂ ಸರಿ, ಯಾವುದು ಬೇಗ ಆಗುತ್ತೋ ಅಲ್ಲಿಗೆ ಹೊರಡಿ.

ಮಾತ್ರೆಯನ್ನು ಬರಿಹೊಟ್ಟೆಗೆ ನುಂಗಬೇಡಿ. ಡಿ ಕರಗೋದು ಜಿಡ್ಡಿನಲ್ಲಿ. ನಾನು ಭಾನುವಾರದ ಊಟಕ್ಕೇ ಗಂಟುಹಾಕಿಕೊಂಡಿದ್ದೆ: ಮುದ್ದೆ, ಮೊಟ್ಟೆ ಸಾರು, ಆಮೇಲೆ ಮಾತ್ರೆ. ವಾರ ಮರೆಯಲ್ಲ, ಜಿಡ್ಡೂ ಸಿಗುತ್ತೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಡಿ ಇಲ್ಲ. ಹಳದಿ ತೆಗೆದು ಬಿಳಿ ಮಾತ್ರ ತಿನ್ನೋರಿದ್ದಾರೆ, ಮೊಟ್ಟೆಯಲ್ಲಿ ಡಿ ಇರೋದೇ ಆ ಹಳದಿಯಲ್ಲಿ!

ಈ ಕೋರ್ಸ್ ಸಾಮಾನ್ಯವಾಗಿ 8 ವಾರ. ಮುಗಿದ ಮೇಲೂ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಲ್ಲಿ ತಂದು ನುಂಗುತ್ತಾ ಹೋಗಬೇಡಿ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಬರುತ್ತದೆ, ಕಿಡ್ನಿಗೂ ಪೆಟ್ಟು. ಮತ್ತೆ ಟೆಸ್ಟ್ ಮಾಡಿಸುವಾಗ ಅದೇ ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಟೆಸ್ಟ್) ಕೂಡ ನೋಡಿ ಅಂತ ಕೇಳಿ. ರಕ್ತ ಕಡಿಮೆ ಅಂತ ಯಾರಾದರೂ ಐರನ್ ಟಾನಿಕ್ ಕೊಟ್ಟರೆ, ನಿಮ್ಮ ಡಾಕ್ಟರ್ ಹೇಳದೆ ಅದನ್ನು ಮುಟ್ಟಬೇಡಿ.